ಮಂಡಿ ಸವೆದವರ ವ್ಯಾಯಾಮ: ಏರಿಗಿಂತ ಇಳಿಜಾರಿನ ಲೆಕ್ಕ ದೊಡ್ಡದು

ಎಕ್ಸ್‌ರೇ ನೋಡಿ ಡಾಕ್ಟರು 'ಮಂಡಿ ಸವೆದಿದೆ' ಎಂದ ದಿನವೇ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತದೆ. 'ಇನ್ನು ತೋಟದ ಕಡೆ ತಲೆ ಹಾಕಬೇಡಿ, ಕೂತಲ್ಲೇ ಇರಿ' ಎನ್ನುವವರು ಒಂದು ಕಡೆ. 'ನಡೆದರೇ ಸರಿಹೋಗುವುದು, ದಿನಾ ಬೆಳಗ್ಗೆ ರಾಜಾಸೀಟಿಗೆ ಹೋಗಿ ಬನ್ನಿ' ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತು ತಪ್ಪು. ಎರಡನೆಯವರದು ಅರ್ಧ ಸರಿ. ನಡೆಯಬೇಕು ನಿಜ, ಆದರೆ ಎಷ್ಟು ಹೊತ್ತು, ಯಾವ ದಾರಿಯಲ್ಲಿ, ಇಳಿಯುವಾಗ ಹೇಗೆ ಎಂಬುದನ್ನು ಅವರು ಹೇಳುವುದಿಲ್ಲ. ಮೈಸೂರಿನ ಪಾರ್ಕಿನಲ್ಲಿ ಸುತ್ತುವವರಿಗೆ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಕೊಡಗಿನಲ್ಲಿ ಅಂಗಳ ದಾಟಿದರೆ ಏರು, ಇಲ್ಲವೇ ಇಳಿಜಾರು. ಇಲ್ಲಿ ಮಂಡಿಯ ವ್ಯಾಯಾಮವೆಂದರೆ ಅರ್ಧ ಪಾಲು ಇಳಿಜಾರನ್ನು ನಿಭಾಯಿಸುವ ವಿದ್ಯೆ.

ಆಸ್ಟಿಯೋ ಆರ್ಥ್ರೈಟಿಸ್‌ನಲ್ಲಿ, ಅಂದರೆ ಈ ಕೀಲು ಸವೆತದಲ್ಲಿ, ವ್ಯಾಯಾಮ ಎಂಬುದು ಔಷಧಿಯ ಜೊತೆಗೆ ಕೊಡುವ ಉಚಿತ ಸಲಹೆಯಲ್ಲ. ಅದೇ ಮುಖ್ಯ ಚಿಕಿತ್ಸೆ. ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾಯಿಲೆಯ ಎಲ್ಲರಿಗೂ ಅವರವರಿಗೆ ಹೊಂದುವ ವ್ಯಾಯಾಮವನ್ನೇ ಮೊದಲು ಕೊಡಬೇಕು ಎನ್ನುತ್ತದೆ. ಅಂಗಡಿಯಲ್ಲಿ ಜೋರಾಗಿ ಮಾರಾಟವಾಗುವ ಗ್ಲುಕೋಸಮೈನ್ ಮಾತ್ರೆಯನ್ನು ಕೊಡಬೇಡಿ ಎಂದೂ ಅದರಲ್ಲೇ ಇದೆ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾಗಿ ಬೇರೆ ದೇಶಗಳಿಗೂ ಹಬ್ಬಿದ 'ಗ್ಲಾಡ್' ಎಂಬ ಕಾರ್ಯಕ್ರಮದಲ್ಲಿ ಮಂಡಿ, ಸೊಂಟದ ಕೀಲು ಸವೆದವರಿಗೆ ಮೊದಲು ಒಂದೆರಡು ಪಾಠ, ಆಮೇಲೆ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ 12 ಬಾರಿ ವ್ಯಾಯಾಮ. ಅಲ್ಲಿ ಬಳಸುವುದು ಕುರ್ಚಿ, ಮೆಟ್ಟಿಲು, ರಬ್ಬರ್ ಪಟ್ಟಿಯಂಥ ಸಾಮಾನುಗಳನ್ನು. ಹೆಚ್ಚಿನವು ನಮ್ಮ ಮನೆಯಲ್ಲೂ ಇವೆ.

ಒಳಗೆ ಏನಾಗಿರುತ್ತದೆ

ಮಂಡಿಯೊಳಗೆ ಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಅದರ ಊಟ ಬರುವುದು ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ದ್ರವ ಹೊರಗೆ ಹೋಗುತ್ತದೆ, ಭಾರ ತೆಗೆದಾಗ ಒಳಗೆ ಬರುತ್ತದೆ. ಮಂಡಿ ಆಡದೆ ಕೂತರೆ ಈ ಹೋಗಿಬರುವಿಕೆ ನಿಲ್ಲುತ್ತದೆ. ಹಾಗಾಗಿ 'ಸವೆದಿದ್ದನ್ನು ಉಳಿಸಿಕೊಳ್ಳಲು' ಕೂತುಬಿಡುವವರು ಉಳಿದಿರುವುದನ್ನು ಹಸಿವಿಗೆ ಬಿಡುತ್ತಾರೆ.

ನರವೇ ಇಲ್ಲದ ಜಾಗ ನೋಯುವುದು ಹೇಗೆ? ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಸುತ್ತಲಿನ ಕಟ್ಟುಗಳು ಎಳೆದುಕೊಳ್ಳುವುದರಿಂದ. ಎಕ್ಸ್‌ರೇಗೂ ನೋವಿಗೂ ತಾಳೆ ಆಗದಿರುವುದು ಇದರಿಂದಲೇ. 1957ರಿಂದ ಬಳಕೆಯಲ್ಲಿರುವ ಸೊನ್ನೆಯಿಂದ ನಾಲ್ಕರವರೆಗಿನ ಎಕ್ಸ್‌ರೇ ದರ್ಜೆಯಲ್ಲಿ 'ಮೂರು' ಬಂದವರು ಭತ್ತದ ಗದ್ದೆಗೆ ಇಳಿದು ಬರುತ್ತಾರೆ, 'ಎರಡು' ಬಂದವರು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಾರೆ. ವ್ಯಾಯಾಮ ಎಷ್ಟು ಮಾಡಬಹುದು ಎಂಬುದನ್ನು ಫಿಲಂ ನೋಡಿ ತೀರ್ಮಾನಿಸಲಾಗದು. ಮಂಡಿಯನ್ನೇ ಕೇಳಬೇಕು.

ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಮಂಡಿ ನೋಯುವಾಗ, ಅದರಲ್ಲೂ ನೀರು ತುಂಬಿ ಊದಿಕೊಂಡಾಗ, ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ನರಗಳ ಮೂಲಕ ಬರುವ ಆಜ್ಞೆಯೇ ಕುಗ್ಗುತ್ತದೆ. ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ. ಬಳಸದೇ ಅದು ಸೊರಗುತ್ತದೆ, ಸೊರಗಿದ್ದರಿಂದ ಪ್ರತಿ ಹೆಜ್ಜೆಯ ಏಟು ನೇರ ಕೀಲಿಗೆ ಬೀಳುತ್ತದೆ, ನೋವು ಹೆಚ್ಚುತ್ತದೆ. ನಡೆಯುವಾಗ 'ಮಂಡಿ ಕೈಕೊಟ್ಟಿತು' ಎನ್ನುತ್ತಾರಲ್ಲ, ಹೆಚ್ಚಿನ ಸಲ ಕೈಕೊಡುವುದು ಈ ಸ್ನಾಯು. ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ವ್ಯಾಯಾಮ ಯಾವುದೂ ಇಲ್ಲ. ಸ್ನಾಯುವನ್ನು ಬೆಳೆಸಬಹುದು, ಎಂಬತ್ತರ ವಯಸ್ಸಿನಲ್ಲೂ.

ಅಳತೆ: ಮರುದಿನ ಬೆಳಗಿನ ಮಂಡಿ

ನೋವೇ ಇಲ್ಲದಂತೆ ವ್ಯಾಯಾಮ ಮಾಡಬೇಕೆಂದು ಹೊರಟರೆ ವ್ಯಾಯಾಮವೇ ಆಗದು. ಶುರುವಿನ ಎರಡು ಮೂರು ವಾರ ನೋವು ತುಸು ಹೆಚ್ಚೇ ಇರುತ್ತದೆ. ಅದನ್ನು ಮೊದಲೇ ತಿಳಿದಿರದವರು ಅಲ್ಲಿಗೇ ಕೈಬಿಡುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ನೀವೇ ಅಂಕ ಕೊಡಿ. ಎರಡರವರೆಗೆ ಇದ್ದರೆ ಚಿಂತೆಯಿಲ್ಲ. ಮೂರು, ನಾಲ್ಕು, ಐದು ಬಂದರೆ ಮುಂದುವರಿಸಬಹುದು, ಗಮನವಿಟ್ಟು. ಐದು ದಾಟಿದರೆ ಆ ಕ್ಷಣವೇ ಎತ್ತರ, ಭಾರ ಅಥವಾ ಎಣಿಕೆಯನ್ನು ಇಳಿಸಿ.

ನಿಜವಾದ ತೀರ್ಪು ಬರುವುದು ಮರುದಿನ ಬೆಳಗ್ಗೆ. ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಹಾಕುವಾಗ ಮಂಡಿ ಎಂದಿನಂತೆಯೇ ಇದ್ದರೆ ನಿನ್ನೆಯ ಅಳತೆ ಸರಿ. ಎಂದಿಗಿಂತ ಹೆಚ್ಚು ನೋವು, ಬಿಗಿತ ಇದ್ದರೆ ಅಥವಾ ಊತ ಕಂಡರೆ ಅಳತೆ ಮೀರಿದೆ. ಊತ ನೋಡಲು ಎರಡೂ ಕಾಲು ಚಾಚಿ ಕೂತು ಮಂಡಿಚಿಪ್ಪಿನ ಅಕ್ಕಪಕ್ಕದ ಸಣ್ಣ ಗುಳಿಗಳನ್ನು ಹೋಲಿಸಿ. ಒಂದು ಮಂಡಿಯಲ್ಲಿ ಗುಳಿ ಮುಚ್ಚಿಹೋಗಿದ್ದರೆ ಒಳಗೆ ನೀರು ಸೇರಿದೆ. ಅಳತೆ ಮೀರಿತೆಂದರೆ ವ್ಯಾಯಾಮ ಬಿಡಬೇಕೆಂದಲ್ಲ. ಒಂದು ದಿನ ಬರೀ ಕಾಲು ಆಡಿಸಿಕೊಂಡಿದ್ದು, ಮಾರನೇ ಸಲ ಮೂರನೇ ಒಂದು ಪಾಲು ಕಡಿಮೆ ಮಾಡಿ ಶುರುಮಾಡಿ. ಹೆಚ್ಚಿಸುವಾಗ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಎಣಿಕೆ ಹೆಚ್ಚಿಸಿದ ವಾರ ಮೆಟ್ಟಿಲಿನ ಎತ್ತರಕ್ಕೆ ಕೈಹಾಕಬೇಡಿ, ಇಲ್ಲದಿದ್ದರೆ ಊದಿಕೊಂಡಾಗ ಯಾವುದು ಮಾಡಿದ್ದು ಎಂದು ಗೊತ್ತಾಗುವುದಿಲ್ಲ.

ನೋವಿನ ಮಾತ್ರೆ ನುಂಗಿ ವ್ಯಾಯಾಮಕ್ಕೆ ಇಳಿಯುವ ಅಭ್ಯಾಸ ಕೆಲವರಿಗಿದೆ. ಆಗ ಈ ಅಳತೆಗೋಲೇ ಕೈತಪ್ಪುತ್ತದೆ.

ಕುರ್ಚಿ, ಟವೆಲ್, ಮಂಚ

ಬೆಳಗಿನ ಬಿಗಿತ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಮಡಿಕೇರಿಯ ಚಳಿಯಲ್ಲಿ ಎದ್ದ ಕೂಡಲೇ ಸ್ನಾಯುವಿನ ವ್ಯಾಯಾಮಕ್ಕೆ ಹೋಗದಿರುವುದು ಒಳ್ಳೆಯದು. ಬಿಸಿನೀರಿನ ಸ್ನಾನವಾದ ಮೇಲೆ ಅಥವಾ ಹತ್ತು ಗಂಟೆಯ ಬಿಸಿಲು ಬಂದ ಮೇಲೆ ಮಾಡಿದರೆ ಅದೇ ಕೆಲಸ ಕಡಿಮೆ ನೋವಿನಲ್ಲಿ ಆಗುತ್ತದೆ. ಮೊದಲ ಐದು ನಿಮಿಷ ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ನೆಲದ ಮೇಲೆ ಹಿಂದೆ ಮುಂದೆ ಜಾರಿಸಿ, ಪ್ರತಿ ಕಾಲಿಗೆ 15 ಸಲ. ನುಣುಪಾದ ಸಿಮೆಂಟು ನೆಲದಲ್ಲಿ ಕಾಲ್ಚೀಲ ಹಾಕಿಕೊಂಡರೆ ಸಲೀಸು.

ತುಂಬ ನೋಯುವ, ಊದಿರುವ ಮಂಡಿಗೆ ಮೊದಲ ಮೆಟ್ಟಿಲು ಇದು: ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ. ಐದು ಎಣಿಸುವವರೆಗೆ ಬಿಗಿ, ಆಮೇಲೆ ಸಡಿಲ. ಹತ್ತು ಸಲ. ತೊಡೆಯ ಮೇಲೆ ಅಂಗೈ ಇಟ್ಟು ನೋಡಿ, ಸ್ನಾಯು ಕಲ್ಲಿನಂತಾಗಬೇಕು. ಆಗದಿದ್ದರೆ ನೀವು ಒತ್ತುತ್ತಿರುವುದು ಸೊಂಟದಿಂದ. ಇದು ಸುಲಭವಾದ ಮೇಲೆ ನೇರ ಕಾಲು ಎತ್ತುವುದು. ಅಂಗಾತ ಮಲಗಿ, ಒಂದು ಮಂಡಿ ಮಡಚಿ ಪಾದ ಊರಿ, ಇನ್ನೊಂದು ಕಾಲನ್ನು ಬಿಗಿ ಮಾಡಿ ಮಂಚದಿಂದ ಒಂದಡಿ ಎತ್ತರಕ್ಕೆ ಎತ್ತಿ, ಐದು ಎಣಿಸಿ ನಿಧಾನ ಇಳಿಸಿ. ಇಲ್ಲಿ ಆಗುವ ತಪ್ಪು ಮೂರು: ಎತ್ತುವಾಗ ಮಂಡಿ ಬಾಗುವುದು, ಸೊಂಟ ಮಂಚದಿಂದ ಕಮಾನಿನಂತೆ ಏಳುವುದು, ಉಸಿರು ಕಟ್ಟುವುದು. ಬಿಪಿ ಇದ್ದವರಿಗೆ ಮೂರನೆಯದು ಅಪಾಯ. ಬಾಯಿಬಿಟ್ಟು ಜೋರಾಗಿ ಎಣಿಸಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ.

ಒಂದೇ ಒಂದು ವ್ಯಾಯಾಮ ಮಾಡಲು ಪುರುಸೊತ್ತಿದೆ ಎನ್ನುವವರಿಗೆ ಹೇಳಬೇಕಾದ್ದು ಕುರ್ಚಿಯಿಂದ ಏಳುವುದು. ಕೈಯಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ, ಹಿಂದಕ್ಕೆ ಜಾರಬಾರದು. ಪ್ಲಾಸ್ಟಿಕ್ ಕುರ್ಚಿ ಬೇಡ. ಕುರ್ಚಿಯ ಅಂಚಿಗೆ ಬಂದು ಕೂತು, ಪಾದಗಳನ್ನು ಭುಜದಷ್ಟು ಅಗಲಕ್ಕಿಟ್ಟು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದಾಗ ಎದ್ದು ನಿಲ್ಲಿ. ಕೂರುವಾಗ ಮೂರು ಎಣಿಸುತ್ತ ನಿಧಾನಕ್ಕೆ ಇಳಿಯಿರಿ. ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಏಕೆಂದರೆ ನಿಧಾನಕ್ಕೆ ಇಳಿಯುವ ಕಸುವೇ ಮುಂದೆ ಇಳಿಜಾರಿನಲ್ಲಿ ಬೇಕಾಗುವುದು. ಎಂಟು ಸಲ, ಎರಡು ನಿಮಿಷ ಬಿಡುವು, ಮತ್ತೆ ಎಂಟು. ನೋವು ಐದು ದಾಟಿದರೆ ಕಂಬಳಿ ಮಡಚಿ ಕೆಳಗಿಟ್ಟು ಕೂರುವ ಎತ್ತರವನ್ನು 50 ಸೆಂಟಿಮೀಟರಿಗೆ ಏರಿಸಿ. ಮಂಡಿ ಕಡಿಮೆ ಬಾಗಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಕಡಿಮೆ. ವಾರ ಕಳೆದಂತೆ ಕಂಬಳಿಯ ಒಂದೊಂದೇ ಮಡಿಕೆ ತೆಗೆಯಿರಿ. ಏಳುವಾಗ ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ. ಅದಕ್ಕೆ ಅಡುಗೆಮನೆ ಕಟ್ಟೆ ಹಿಡಿದು ನಿಂತು, ದೇಹ ವಾಲಿಸದೆ, ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು, ಹತ್ತತ್ತು ಸಲ. ಅನ್ನ ಬೇಯುವ ಹೊತ್ತಿಗೆ ಮುಗಿಯುತ್ತದೆ.

ಇದೇ ಕುರ್ಚಿ ನಿಮ್ಮ ಪರೀಕ್ಷೆಯೂ ಹೌದು. ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸಿ. 65ರಿಂದ 69 ವಯಸ್ಸಿನ ಹೆಂಗಸರಿಗೆ 11ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಆ ವಯಸ್ಸಿಗೆ ಸರಾಸರಿಗಿಂತ ಕೆಳಗೆ. ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ವಾರದ ಮೇಲೆ ಮತ್ತೆ ಎಣಿಸಿ.

ಇವೆಲ್ಲ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಟ್ಟು. ಸ್ನಾಯು ಬಲಿಯುವುದು ಬಿಡುವಿನ ದಿನದಲ್ಲಿ. ಕೊನೆಯ ಎರಡು ಮೂರು ಎಣಿಕೆ ಕಷ್ಟವೆನಿಸಬೇಕು. ಹತ್ತನ್ನೂ ಹರಟೆ ಹೊಡೆಯುತ್ತ ಮುಗಿಸಿದರೆ ಭಾರ ಸಾಲದು. ಫಲ ತಿಳಿಯಲು ಆರರಿಂದ ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೇ 'ಏನೂ ಆಗಲಿಲ್ಲ' ಎಂದು ಎಣ್ಣೆ ತಿಕ್ಕುವವರ ಕಡೆಗೆ ಹೊರಡುವುದು ಆತುರ.

ಇಳಿಜಾರು

ಕೃತಕ ಮಂಡಿಯೊಳಗೆ ಸೆನ್ಸರ್ ಇಟ್ಟು ಅಳೆದ ಲೆಕ್ಕವಿದೆ. ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ತುಸು ಹೆಚ್ಚು, ಇಳಿಯುವಾಗ ಮೂರೂವರೆ ಪಟ್ಟು. 60 ಕಿಲೋ ತೂಗುವವರಿಗೆ ಸಮತಟ್ಟಿನಲ್ಲಿ 150 ಕಿಲೋ ಆದದ್ದು ಇಳಿಯುವಾಗ 210 ಕಿಲೋ. ಹತ್ತುವುದರಲ್ಲಿ ಏದುಸಿರು ಬರುತ್ತದೆ, ಹಾಗಾಗಿ ಅದೇ ಕಷ್ಟವೆನಿಸುತ್ತದೆ. ಇಳಿಯುವುದರಲ್ಲಿ ಉಸಿರಿಗೆ ತೊಂದರೆಯಿಲ್ಲ, ನೋವು ಆ ಕ್ಷಣಕ್ಕೆ ಗೊತ್ತೂ ಆಗದಿರಬಹುದು, ಮರುದಿನ ಬೆಳಗ್ಗೆ ಲೆಕ್ಕ ಚುಕ್ತಾ ಆಗುತ್ತದೆ. ಸಂಪಾಜೆ ಘಾಟಿ ಇಳಿಯುವ ಲಾರಿ ಸಣ್ಣ ಗೇರಿನಲ್ಲಿ ಎಂಜಿನ್ನಿಗೇ ಭಾರ ಕೊಟ್ಟು ಇಳಿಯುತ್ತದೆ, ಬರೀ ಬ್ರೇಕ್ ನಂಬಿದರೆ ಲೈನರ್ ಸುಡುತ್ತದೆ. ತೊಡೆಯ ಸ್ನಾಯು ಆ ಎಂಜಿನ್ನು. ಅದು ಸೋತಾಗ ಬ್ರೇಕ್ ಆಗುವುದು ಮಂಡಿಯ ಕೀಲು.

ಇದರಿಂದ ಹುಟ್ಟುವ ನಿಯಮ ಸರಳ. ನಡಿಗೆಯನ್ನು ಸಮತಟ್ಟಿನಲ್ಲಿ ಶುರುಮಾಡಿ. ಕೊಡಗಿನಲ್ಲಿ ಸಮತಟ್ಟು ಎಲ್ಲಿ? ಪ್ರತಿ ತೋಟದಲ್ಲೂ ಒಂದಿದೆ: ಕಾಫಿ ಒಣಗಿಸುವ ಕಣ. 20 ಮೀಟರ್ ಉದ್ದದ ಕಣವನ್ನು ಈ ತುದಿಯಿಂದ ಆ ತುದಿಗೆ 50 ಸಲ ದಾಟಿದರೆ ಒಂದು ಕಿಲೋಮೀಟರ್. ಕುಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಆಗ ಶಾಲೆಯ ಮೈದಾನ. ಕುಶಾಲನಗರದ ಕಡೆಯವರಿಗೆ ಈ ತಾಪತ್ರಯವಿಲ್ಲ. ಮೊದಲ ವಾರ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಮರುದಿನದ ಮಂಡಿ ಒಪ್ಪಿದರೆ ವಾರಕ್ಕೆ ಎರಡೆರಡು ನಿಮಿಷ ಸೇರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ. ಮಂಡಿ ಒಪ್ಪದೆ ಅಲ್ಲಿಗೆ ತಲುಪಲು ತಡವಾದರೆ ಆಗಲಿ.

ಇಳಿಜಾರಿಗೆ ತಯಾರಿ ಬೇರೆ. 10 ಸೆಂಟಿಮೀಟರ್ ಎತ್ತರದ ಗಟ್ಟಿ ಹಲಗೆ ಅಥವಾ ಇಟ್ಟಿಗೆ ಕಟ್ಟೆಯ ಮೇಲೆ ನಿಂತು, ಕಂಬ ಹಿಡಿದು, ನೋಯುವ ಕಾಲನ್ನು ಮೇಲೆಯೇ ಇಟ್ಟುಕೊಂಡು ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುತ್ತ ನೆಲಕ್ಕೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಮಂಡಿ ಎರಡನೇ ಕಾಲ್ಬೆರಳಿನ ನೇರಕ್ಕೇ ಇರಬೇಕು, ಒಳಕ್ಕೆ ಬೀಳಬಾರದು. ಎಂಟು ಸಲ, ಎರಡು ಸುತ್ತು. ಹಳೆಯ ಮನೆಗಳ ಜಗಲಿ ಮೆಟ್ಟಿಲು 20 ಸೆಂಟಿಮೀಟರ್ ದಾಟುವುದುಂಟು. ಮೊದಲ ದಿನವೇ ಅಲ್ಲಿ ಶುರುಮಾಡಿದವರು ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಕುರ್ಚಿಯ ವ್ಯಾಯಾಮ ನಾಲ್ಕು ವಾರ ಮಾಡಿ, ನೋವು ಮೂರರೊಳಗೆ ನಿಂತ ಮೇಲೆ ಇದಕ್ಕೆ ಬನ್ನಿ.

ದಾರಿಯಲ್ಲಿ ಇಳಿಯುವಾಗ ಹೆಜ್ಜೆ ಗಿಡ್ಡ ಮಾಡಿ, ಮಂಡಿಯನ್ನು ಸದಾ ತುಸು ಬಾಗಿಸಿಕೊಂಡಿರಿ. ನೆಟ್ಟ ಮಂಡಿಯಲ್ಲಿ ಕಾಲು ಊರಿದರೆ ಏಟು ಪೂರ್ತಿ ಕೀಲಿಗೆ. ನೇರ ಇಳಿಯಬೇಡಿ, ದಾರಿಯ ಅಗಲ ಇದ್ದಷ್ಟು ಓರೆಯಾಗಿ ಹಾವಿನಂತೆ ಇಳಿಯಿರಿ. ಮೆಟ್ಟಿಲಿನಲ್ಲಿ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಊರುಗೋಲು ಹಿಡಿಯಲು ಕೊಡಗಿನವರಿಗೆ ನಾಚಿಕೆ ಏಕೋ ಗೊತ್ತಿಲ್ಲ. ಕಾಫಿ ಗಿಡದ ಕೋಲನ್ನು ಊರಿಗೆಲ್ಲ ಮಾರುವವರು ನಾವೇ. ಕೋಲು ನೋಯುವ ಮಂಡಿಯ ಎದುರು ಕೈಯಲ್ಲಿರಬೇಕು. ಬಲ ಮಂಡಿ ನೋವಿದ್ದರೆ ಎಡಗೈ. ನೋಯುವ ಕಾಲು ಮುಂದೆ ಹೋಗುವಾಗಲೇ ಕೋಲೂ ಮುಂದೆ ಹೋಗಬೇಕು. ನೋಯುವ ಕಡೆಯ ಕೈಯಲ್ಲೇ ಹಿಡಿದರೆ ದೇಹ ಅದೇ ಕಡೆ ವಾಲಿ ಭಾರ ಹೆಚ್ಚುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಉದ್ದ ಗೊತ್ತುಮಾಡಲು ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಹಿಡಿಕೆ ಬರಬೇಕು. ತುದಿಗೆ ರಬ್ಬರ್ ಬುಷ್ ಇರಲೇಬೇಕು, ಸವೆದಾಗ ಬದಲಿಸಬೇಕು. ಎರಡೂ ಮಂಡಿ ಸವೆದವರು ಕಡಿದಾದ ಇಳಿಜಾರಿನಲ್ಲಿ ಎರಡು ಕೋಲು ಹಿಡಿಯುವುದು ಮೇಲು, ಅಲ್ಲಿ ಕೋಲು ಐದು ಸೆಂಟಿಮೀಟರಿನಷ್ಟು ಉದ್ದ ಬೇಕು.

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬ್ರಹ್ಮಗಿರಿ ನೆತ್ತಿಯ ಮೆಟ್ಟಿಲನ್ನೂ ಹತ್ತಿಳಿಯಬೇಕೆಂಬ ಆಸೆ ಇದ್ದರೆ ಅಕ್ಟೋಬರಿನಲ್ಲಿ ಯೋಚಿಸಿ ಪ್ರಯೋಜನವಿಲ್ಲ. 12 ವಾರ ಹಿಂದಕ್ಕೆ ಎಣಿಸಿದರೆ ಜುಲೈ ಕೊನೆಯ ವಾರ. ಅಂದರೆ ಕಕ್ಕಡ ತಿಂಗಳ ಮಳೆಯಲ್ಲಿ, ಮನೆಯೊಳಗೆ, ಕುರ್ಚಿಯಿಂದ ಶುರು.

ಮಳೆ, ಕುಯ್ಲು, ಹಬ್ಬ

ಮಳೆಗಾಲದಲ್ಲಿ ಮಂಡಿ ಹೆಚ್ಚು ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಥಂಡಿಗೆ ಸ್ನಾಯು ಬಿಗಿಯುವುದು ನಿಜ. ಮಳೆ ಮಾತ್ರ ಮೃದ್ವಸ್ಥಿಯನ್ನು ಸವೆಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮುಂದೆ ಕೂತು ತೊಡೆ ಸೊರಗಿಸಿಕೊಂಡು, ನವೆಂಬರಿನಲ್ಲಿ ನೇರ ಅರೇಬಿಕಾ ಕುಯ್ಲಿಗೆ ಇಳಿದರೆ ಮಂಡಿ ಊದುತ್ತದೆ. ಆ ನಾಲ್ಕು ತಿಂಗಳು ಜಗಲಿಯ ಉದ್ದಕ್ಕೂ ನಡೆಯಿರಿ, ಕುರ್ಚಿಯ ವ್ಯಾಯಾಮ ಬಿಡಬೇಡಿ. ಜಡಿಮಳೆಯಲ್ಲಿ ಪಾಚಿಗಟ್ಟಿದ ಕಲ್ಲುಮೆಟ್ಟಿಲ ಮೇಲೆ 'ವಾಕಿಂಗ್' ಮಾಡುವ ಹಟ ಬೇಡ, ಒಂದು ಸಲ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿದೀತು. ಹಿಮ್ಮಡಿ ಸವೆದ ಗಂಬೂಟಿನಲ್ಲಿ ಇಳಿಜಾರು ಇಳಿಯುವುದೂ ಅಷ್ಟೇ ಅಪಾಯ. ಮನೆಯೊಳಗೇ ಸಮತೋಲನದ ಅಭ್ಯಾಸ ಮಾಡಿಕೊಳ್ಳಬಹುದು: ಅಡುಗೆ ಕಟ್ಟೆ ಪಕ್ಕ ನಿಂತು ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ, 30 ಸೆಕೆಂಡ್. ಕಟ್ಟೆಯನ್ನು ಮೊದಲು ಅಂಗೈಯಿಂದ, ಆಮೇಲೆ ಒಂದು ಬೆರಳಿನಿಂದ, ಆಮೇಲೆ ಹಿಡಿಯದೆ.

'ದಿನವಿಡೀ ತೋಟದಲ್ಲೇ ಇರುತ್ತೇವೆ, ಇನ್ನೆಂಥ ವ್ಯಾಯಾಮ?' ಎಂದು ಕುಯ್ಲಿನ ಕೆಲಸದವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಕೆಲಸದ ಭಾರಕ್ಕೆ ಅಳತೆಯಿಲ್ಲ, ಬಿಡುವಿನ ದಿನವಿಲ್ಲ. ಅದು ಇರುವ ಶಕ್ತಿಯನ್ನು ಖರ್ಚು ಮಾಡುತ್ತದೆ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವುದು, ಮಂಡಿಯೂರುವುದು, ಭಾರ ಹೊರುವುದು ಮಂಡಿ ಸವೆತದ ಕಾರಣಗಳಲ್ಲೇ ಸೇರಿವೆ. ಉದುರಿದ ಹಣ್ಣು ಆಯಲು, ಕಾಯಿ ಬೇರ್ಪಡಿಸಲು ಒಂದಡಿ ಎತ್ತರದ ಮರದ ಮಣೆ ಸಿಕ್ಕರೂ ಕುಕ್ಕರಗಾಲಿಗಿಂತ ಎಷ್ಟೋ ವಾಸಿ. ಪೂರ್ತಿ ಚೀಲವನ್ನು ಒಂದೇ ಸಲ ಹೊತ್ತು ಇಳಿಯುವ ಬದಲು ಅರ್ಧರ್ಧ ಮಾಡಿ ಎರಡು ಸಲ. ಇದನ್ನು ಕೆಲಸಗಾರರಿಗೆ ಹೇಳಿದರೆ ಸಾಲದು, ಚೀಲದ ಲೆಕ್ಕ ಹಾಕುವ ಮಾಲೀಕರಿಗೆ ಹೇಳಬೇಕು. ಕುಯ್ಲು ಬಿರುಸಾಗಿರುವ ವಾರಗಳಲ್ಲಿ ವ್ಯಾಯಾಮವನ್ನು ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಮೆಣಸು ಕುಯ್ಯುವ ಏಣಿಗೆ ಮಂಡಿ ಊದಿದವರು ಹತ್ತಬಾರದು. ನೋವಿಗಿಂತ ದೊಡ್ಡ ಭಯ, ಮೇಲಿರುವಾಗ ಕಾಲು ಕೈಕೊಡುವುದು.

ಮದುವೆಮನೆಯ ವಾಲಗದ ಕುಣಿತ ಒಳ್ಳೆಯ ವ್ಯಾಯಾಮ. ಕೈ ಎತ್ತಿ ಸಣ್ಣ ಹೆಜ್ಜೆಯಲ್ಲಿ ಆಡುವುದರಿಂದ ಎದೆಗೂ ಕಾಲಿಗೂ ಕೆಲಸವಾಗುತ್ತದೆ. ಕೆಡುವುದು ಎರಡು ಗಂಟೆ ಎಡೆಬಿಡದೆ, ಹೊಸ ಶೂ ಹಾಕಿ, ಗಾಜಿನಂಥ ಟೈಲ್ಸ್ ಮೇಲೆ ಕುಣಿದಾಗ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೂತು ಎದ್ದರೆ ಬೆಳಗಿನವರೆಗೂ ನಡೆಯುತ್ತದೆ. ಆಮೇಲಿನ ಪಂದಿಕರಿ, ಕಡಂಬುಟ್ಟಿನ ಊಟದ ವಿಷಯ ನಾವು ಹೆಚ್ಚು ಮಾತಾಡುವುದಿಲ್ಲ, ಒಂದು ಲೆಕ್ಕ ಮಾತ್ರ: ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆಗೆ 20 ಕಿಲೋ ಕೆಳಗಿಟ್ಟಂತೆ.

ಹಾಕಿ ಆಡಿ ಬೆಳೆದ ಊರಿನಲ್ಲಿ ನಲವತ್ತರೊಳಗೇ ಮಂಡಿ ಸವೆದವರು ಸಿಗುತ್ತಾರೆ. ಹಿಂದೆಂದೋ ಹರಿದ ಲಿಗಮೆಂಟು (ಮೂಳೆಗಳನ್ನು ಬಿಗಿದಿಡುವ ಕಟ್ಟು) ಅಥವಾ ಮೆನಿಸ್ಕಸ್ (ಕೀಲಿನ ನಡುವಿನ ಮೆತ್ತೆ) ಅದರ ಬೀಜ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂತೆಂದರೆ ವರ್ಷವಿಡೀ ಸ್ಟಿಕ್ ಮುಟ್ಟದವರೂ ಮೈದಾನಕ್ಕಿಳಿಯುತ್ತಾರೆ. ನೇರ ಓಟ ಅಷ್ಟು ಕೆಡಿಸುವುದಿಲ್ಲ. ಕೆಡಿಸುವುದು ಊರಿದ ಪಾದದ ಮೇಲೆ ದೇಹ ಗಕ್ಕನೆ ತಿರುಗುವುದು. ಹಳೆಯ ಗಾಯವಿರುವವರು ಕನಿಷ್ಠ ಎಂಟು ವಾರ ಒಂಟಿಕಾಲಿನ ವ್ಯಾಯಾಮ ಮಾಡಿ, ತಿರುವು, ನಿಲುಗಡೆಯನ್ನು ನಿಧಾನವಾಗಿ ಅಭ್ಯಾಸ ಮಾಡಿಕೊಂಡು ಇಳಿಯಲಿ. ಇಲ್ಲವೇ ಗೋಲ್‌ಕೀಪರಿಗೆ ಸಲಹೆ ಕೊಡುವ ಕೆಲಸ ಯಾವಾಗಲೂ ಖಾಲಿ ಇರುತ್ತದೆ.

ವ್ಯಾಯಾಮದ ಸೈಕಲ್ ಮನೆಯಲ್ಲಿದ್ದರೆ ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಸೀಟು ಎತ್ತರವಿದ್ದರೆ. ಪೆಡಲ್ ಪೂರ್ತಿ ಕೆಳಗಿರುವಾಗ ಮಂಡಿ ತುಸುವೇ ಬಾಗಿರಬೇಕು. ಸೀಟು ತಗ್ಗಾದರೆ ಚಿಪ್ಪಿನ ಸುತ್ತ ನೋವು ಖಾತ್ರಿ. ಯೋಗ ಮಾಡುವವರು ವಜ್ರಾಸನ, ಪದ್ಮಾಸನವನ್ನು ಮಂಡಿ ಒಪ್ಪುವವರೆಗೆ ಬದಿಗಿಡಿ.

ಯಾವಾಗ ನಿಲ್ಲಿಸಬೇಕು

ಮಂಡಿ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಸವೆತವಲ್ಲ, ಕೀಲಿನೊಳಗೆ ಸೋಂಕಿರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು. ಬಿದ್ದ ಮೇಲೆ ಕಾಲು ಊರಲಾಗದಿದ್ದರೆ, ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಚ್ಚಲಾಗದಿದ್ದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಡಮಾಡಬೇಡಿ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು ಬೆರಳಿನ ಗೆಣ್ಣುಗಳೂ ಊದುತ್ತಿದ್ದರೆ ಅದು ಬೇರೆ ಬಗೆಯ ಸಂಧಿವಾತ, ಚಿಕಿತ್ಸೆಯೂ ಬೇರೆ. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಕೂತುಬಿಡಿ, ಸಹಾಯ ಕರೆಯಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಲು ಹೊರಡಬಾರದು, ಮರಳಿ ಬಂದ ಮೇಲೆ ಅಂಗಾಲು ನೋಡಿಕೊಳ್ಳಬೇಕು. ಸ್ಪರ್ಶ ಕುಂದಿದ ಪಾದಕ್ಕೆ ಕಲ್ಲು ಚುಚ್ಚಿದ್ದು, ಜಿಗಣೆ ಕಚ್ಚಿದ್ದು ಗೊತ್ತಾಗುವುದಿಲ್ಲ.

ನೋವಿಗೆ ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್ ನೋಡಿ. ಅದೇ ಜಾತಿಯ ಮಾತ್ರೆಯನ್ನು ತಿಂಗಳುಗಟ್ಟಲೆ ಅಂಗಡಿಯಿಂದ ತಂದು ನುಂಗಿದರೆ ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಪೆಟ್ಟು, ಅದು ಡಾಕ್ಟರರ ಲೆಕ್ಕದಲ್ಲೇ ಇರಲಿ.

ಹನ್ನೆರಡು ವಾರ ನಿಯಮವಾಗಿ ಮಾಡಿದರೂ ರಾತ್ರಿ ನಿದ್ದೆ ಕೆಡುವಷ್ಟು ನೋವು ಉಳಿದಿದ್ದರೆ, ಮಂಡಿ ಹೊರಕ್ಕೆ ಬಾಗುತ್ತ ಹೋಗುತ್ತಿದ್ದರೆ, ಮೂಳೆ ತಜ್ಞರ ಹತ್ತಿರ ಮಂಡಿ ಬದಲಾವಣೆಯ ಮಾತು ಶುರುಮಾಡಿ. ಹೋಗುವಾಗ ಕ್ಯಾಲೆಂಡರಿನಲ್ಲಿ ಬರೆದ ಎಣಿಕೆಗಳನ್ನು ಒಯ್ಯಿರಿ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೂ ಕುರ್ಚಿಯಿಂದ ಏಳುವುದನ್ನು ಬಿಡಬೇಡಿ. ಹೊಸ ಮಂಡಿಯನ್ನು ಎತ್ತಿ ನಿಲ್ಲಿಸಬೇಕಾದ್ದೂ ಆ ಹಳೆಯ ತೊಡೆಯ ಸ್ನಾಯುವೇ.